ಮುಚ್ಚಿದ ಅಂಗಡಿಯ ಹೊಸ ಪುಸ್ತಕ

ಅಥವಾ ಆ ಕವರನ್ನು ತಂದುಕೊಟ್ಟದ್ದು ಅಂಚೆಯವರೇ ಇರಬಹುದು. ಬೇಕರಿಯವರು ಕೊಟ್ಟರು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ, ಏಕೆಂದರೆ ಕವರಿನ ಮೂಲೆಯಲ್ಲಿ ಎಣ್ಣೆಯ ಕಲೆ ಇತ್ತು. ಆದರೆ ಆ ದಿನಗಳಲ್ಲಿ ಅಪ್ಪನ ಕಾಲಿಗೆ ಎರಡು ಹೊತ್ತು ಎಣ್ಣೆ ತಿಕ್ಕುತ್ತಿದ್ದವಳು ನಾನೇ. ಕಲೆ ನನ್ನ ಬೆರಳಿನದೇ ಆಗಿದ್ದೀತು. ಬಿ.ಸಿ.ರೋಡಿನಲ್ಲಿ ನಮ್ಮ ಹಳೆಯ ಅಂಗಡಿಯಿದ್ದ ಕೋಣೆಗೆ ಆಗ ಬೇಕರಿ ಬಂದಿತ್ತು ಎಂಬುದು ಖಂಡಿತ. ಕವರಿನ ಮೇಲೆ ಆ ಅಂಗಡಿಯ ವಿಳಾಸವಿತ್ತು ಎಂಬುದೂ ಖಂಡಿತ. ಉಳಿದದ್ದನ್ನು ನಾನು ಜೋಡಿಸಿಕೊಂಡಿದ್ದೇನೆ.

ಒಳಗಿದ್ದದ್ದು ಆದಾಯ ತೆರಿಗೆಯ ನೋಟೀಸು. ಅಂಗಡಿ ಮುಚ್ಚಿದ ವರ್ಷದ ಲೆಕ್ಕಪುಸ್ತಕಗಳನ್ನೆಲ್ಲ ಹಿಡಿದುಕೊಂಡು ಮಂಗಳೂರಿನ ಕಚೇರಿಗೆ ಬರಬೇಕು ಎಂದಿತ್ತು. ಇಂಗ್ಲಿಷಿನ ಆ ಹಾಳೆಯನ್ನು ಎಷ್ಟು ಸಲ ಓದಿದೆನೋ. ಓದುತ್ತಿದ್ದಂತೆ ನಾಲಗೆ ಒಣಗಿದ್ದು ಮಾತ್ರ ನೆನಪಿದೆ. ಈ ನೆನಪು ಸರಿ ಎಂದುಕೊಂಡಿದ್ದೇನೆ, ಏಕೆಂದರೆ ಕಿಟಕಿಯ ಕಂಬಿಯಿರುವ ಕವರು ಮನೆಗೆ ಬಂದರೆ ಈಗಲೂ ನನ್ನ ನಾಲಗೆ ಒಣಗುತ್ತದೆ. ಕಂಬಿ ಎಂದೆ. ಕವರಿಗೆ ಕಂಬಿ ಇರುವುದಿಲ್ಲ, ಪಾರದರ್ಶಕ ಕಾಗದದ ಸಣ್ಣ ಕಿಟಕಿ ಇರುತ್ತದೆ. ಹೆದರಿಕೆ ಅದಕ್ಕೆ ಕಂಬಿ ಇಟ್ಟಿದೆ. ಹೀಗೆ ನಾನು ಬರೆಯುವುದರಲ್ಲಿ ಎಲ್ಲೆಲ್ಲಿ ಕಂಬಿ ಕೂತಿದೆಯೋ ಹೇಳಲಾರೆ.

ಅಂಗಡಿ ಬಸ್ಸು ಲಾರಿಗಳ ಸ್ಪೇರ್ ಪಾರ್ಟ್ಸಿನದು. ಫ್ಯಾನ್ ಬೆಲ್ಟು, ಬ್ರೇಕ್ ಲೈನರು, ಬೇರಿಂಗು, ನಟ್ಟು ಬೋಲ್ಟು. ಅಪ್ಪ ಇಪ್ಪತ್ತಕ್ಕೂ ಹೆಚ್ಚು ವರ್ಷ ನಡೆಸಿದ್ದರು. ಅವರಿಗೆ ಮೊದಲ ಸಲ ಪಾರ್ಶ್ವವಾಯು ಬಡಿದಾಗ ನನಗೆ ಮೂವತ್ತು ದಾಟಿತ್ತು, ಮದುವೆಯಾಗಿರಲಿಲ್ಲ, ಟೈಪಿಂಗ್ ಕಲಿಸುವ ಕೆಲಸವೊಂದಿತ್ತು. ಅದನ್ನು ಬಿಟ್ಟು ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತೆ. ಲೈಸನ್ಸು, ಬ್ಯಾಂಕ್ ಖಾತೆ, ತೆರಿಗೆಯ ಫೈಲು ಎಲ್ಲವೂ ನನ್ನ ಹೆಸರಿಗೆ ಬಂದವು. ಅಪ್ಪನ ಜೊತೆ ಮೊದಲಿನಿಂದಲೂ ದುಡಿಯುತ್ತಿದ್ದ ಒಬ್ಬ ಬ್ಯಾರಿ ಮುಸ್ಲಿಂ ಹಿರಿಯರಿದ್ದರು. ನಾವು ಅವರನ್ನು ಕಾಕ ಎನ್ನುತ್ತಿದ್ದೆವು. ಅವರು ಅಪ್ಪನನ್ನು ಧಣಿ ಎನ್ನುತ್ತಿದ್ದರು, ನನ್ನನ್ನು ಚೇಷ್ಟೆಗೆ ಸಣ್ಣ ಧಣಿ. ಕಣ್ಣು ಮುಚ್ಚಿ ಬೇರಿಂಗನ್ನು ಬೆರಳಲ್ಲಿ ಸುತ್ತಿಸಿ ಯಾವ ಬಸ್ಸಿನದೆಂದು ಹೇಳುತ್ತಿದ್ದವರು.

ತೊಂಬತ್ತರ ದಶಕ ಮುಗಿಯುತ್ತಿದ್ದಾಗ, ಒಂದು ಮಳೆಗಾಲದ ನಡುವೆ, ನಾನು ಅಂಗಡಿ ಮುಚ್ಚಿದೆ. ಉಳಿದ ಮಾಲನ್ನೆಲ್ಲ ಮೂಡುಬಿದಿರೆಯ ವ್ಯಾಪಾರಿಯೊಬ್ಬರು ಒಟ್ಟಿಗೆ ಕೊಂಡು ಚೆಕ್ಕು ಕೊಟ್ಟರು. ಆ ಮೇಲೂ ಖರ್ಚುಗಳು ಬರುತ್ತಲೇ ಇದ್ದವು. ಕರಾರಿನ ಪ್ರಕಾರ ಕೋಣೆಗೆ ಇನ್ನೂ ಮೂರು ತಿಂಗಳ ಬಾಡಿಗೆ. ಫೋನಿನ ಕೊನೆಯ ಬಿಲ್ಲು. ಮತ್ತೆ ಒಂದು ಬೆಳಿಗ್ಗೆ ಗಂಜಿ ಉಣ್ಣುತ್ತಿದ್ದ ಅಪ್ಪ ತಲೆ ಎತ್ತಿ ಹೇಳಿದರು:

"ಕಾಕನಿಗೆ ಐವತ್ತು ಕೊಡು."

"ಐವತ್ತು ರೂಪಾಯಿಯಾ?"

"ಅವನೆಂತ ಭಿಕ್ಷೆಗೆ ಬಂದವನಾ? ಸಾವಿರ."

ಅಪ್ಪ ಇದನ್ನು ತುಳುವಿನಲ್ಲಿ ಹೇಳಿದ್ದರು, ಅದೂ ಮೊದಲ ಹೊಡೆತದ ನಂತರದ ತೊದಲು ತುಳುವಿನಲ್ಲಿ. ಕನ್ನಡದಲ್ಲಿ ಬರೆದಾಗ ಅವರು ನೆಟ್ಟಗೆ ಮಾತಾಡಿದಂತೆ ಕಾಣುತ್ತದೆ. ನೆಟ್ಟಗೆ ಮಾತಾಡಲಿಲ್ಲ. ಯಾಕೆ ಕೊಡಬೇಕು, ಯಾವಾಗ ಒಪ್ಪಿದ್ದಿರಿ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು ಎಂದು ಆಗ ತೋರಲೇ ಇಲ್ಲ. ಇಪ್ಪತ್ತು ವರ್ಷ ದುಡಿದವರಿಗೆ ಕೊಡುವುದಕ್ಕೆ ಕಾರಣ ಕೇಳುತ್ತಾರೆಯೆ? ಬ್ಯಾಂಕಿನಿಂದ ನಗದು ತಂದು ಕಾಕನ ಕೈಗೆ ಕೊಟ್ಟೆ. ರಸೀದಿ ಬರೆಸಿಕೊಳ್ಳಲಿಲ್ಲ.

ಆಮೇಲೆ ದೀಪಾವಳಿ ಬಂತು.

ನಮ್ಮಲ್ಲಿ ದೀಪಾವಳಿಗೆ ಅಂಗಡಿ ಪೂಜೆ. ಸರಕಾರದ ವರ್ಷ ಮಾರ್ಚಿಗೆ ಮುಗಿದರೂ ಪುಸ್ತಕ ಹೊಸತಾಗುವುದು ದೀಪಾವಳಿಗೆ. ಕೆಂಪು ಬಟ್ಟೆಯ ರಟ್ಟಿನ ಹೊಸ ಪುಸ್ತಕಕ್ಕೆ ಅರಶಿನ ಕುಂಕುಮ ಹಚ್ಚಿ, ಮೇಲೆ ಶ್ರೀ ಬರೆದು, ಮೊದಲ ಸಾಲು ಬರೆಯಬೇಕು. ಆ ಮೊದಲ ಸಾಲು ಯಾವತ್ತೂ ಖರ್ಚಿನದಾಗಬಾರದು. ಬಂದ ಹಣವನ್ನೇ ಬರೆಯಬೇಕು. ಮುಚ್ಚಿದ ಅಂಗಡಿಗೆ ಪುಸ್ತಕ ಯಾಕೆ ಎಂದು ನಾನು ಹೇಳಿದೆನೋ ಇಲ್ಲವೋ. ಹೇಳಿದ್ದರೂ ಅಪ್ಪ ಕೇಳುವವರಲ್ಲ. "ಪುಸ್ತಕ ಇಲ್ಲದ ದೀಪಾವಳಿ ಈ ಮನೆಯಲ್ಲಿ ಆಗಲಿಲ್ಲ, ಆಗುವುದೂ ಬೇಡ," ಎಂದು ಬೆತ್ತ ಊರಿಕೊಂಡು ಕೂತರು. ಪುಸ್ತಕ ತಂದೆ. ಮನೆಯ ದೇವರ ಮುಂದೆ ಇಟ್ಟೆವು. ಅಪ್ಪ ತನ್ನ ಜೇಬಿನಿಂದ ನೂರ ಒಂದು ರೂಪಾಯಿ ತೆಗೆದು ಅದರ ಮೇಲಿಟ್ಟು, ನಡುಗುವ ಕೈಯಿಂದ ಬರೆದರು: ವ್ಯಾಪಾರ ಜಮೆ, ನೂರ ಒಂದು.

ಅದರ ಕೆಳಗೆ, ಹೇಗೂ ಪುಸ್ತಕವಿದೆಯಲ್ಲ ಎಂದು, ಮುಚ್ಚಿದ ಮೇಲೆ ಕೊಟ್ಟ ಖರ್ಚುಗಳನ್ನೆಲ್ಲ ನಾನು ಬರೆದೆ. ಬಾಡಿಗೆ, ಫೋನು, ಕಾಕನ ಐವತ್ತು ಸಾವಿರ. ಆ ವರ್ಷದ ತೆರಿಗೆಯ ಲೆಕ್ಕ ಸಲ್ಲಿಸುವಾಗ ಇವನ್ನೆಲ್ಲ ಅಂಗಡಿಯ ಖರ್ಚೆಂದು ಕಳೆದೆವು.

ನೋಟೀಸು ಬಂದದ್ದು ಇದಾಗಿ ಒಂದೂವರೆ ವರ್ಷಕ್ಕೋ ಎರಡು ವರ್ಷಕ್ಕೋ. ಅಷ್ಟರಲ್ಲಿ ಅಪ್ಪನಿಗೆ ಎರಡನೆಯ ಹೊಡೆತ ಬಿದ್ದು ಮಾತು ಪೂರ್ತಿ ನಿಂತಿತ್ತು. ನಾನು ಮೂಡುಬಿದಿರೆಯ ಒಂದು ಸಹಕಾರಿ ಸಂಘದಲ್ಲಿ ಕ್ಯಾಶ್ ಕೌಂಟರಿನಲ್ಲಿದ್ದೆ, ಹಂಗಾಮಿಯಾಗಿ. ದಿನಾ ಸಿದ್ಧಕಟ್ಟೆ ದಾರಿಯ ಬಸ್ಸಿನಲ್ಲಿ ಹೋಗಿಬರುವುದು. ಆ ವರ್ಷ ನನ್ನನ್ನು ಖಾಯಂ ಮಾಡುವವರಿದ್ದರು. ಅದಕ್ಕೊಂದು ಫಾರ್ಮು ತುಂಬಬೇಕಿತ್ತು, ನನ್ನ ಮೇಲೆ ಹಣಕಾಸಿನ ಯಾವ ಕೇಸೂ ಇಲ್ಲ ಎಂದು ಬರೆದು ಸಹಿ ಹಾಕಬೇಕಿತ್ತು. ಅಪ್ಪನ ಮಾತ್ರೆಗಳು ನಡೆಯುತ್ತಿದ್ದದ್ದು ಆ ಸಂಬಳದಲ್ಲಿ.

ನಮ್ಮ ಲೆಕ್ಕ ನೋಡುತ್ತಿದ್ದ ತೆರಿಗೆ ವಕೀಲರ ಕಚೇರಿ ಬಂಟ್ವಾಳ ಪೇಟೆಯಲ್ಲಿ, ಮರದ ಮೆಟ್ಟಿಲು ಹತ್ತಿದರೆ ಮಾಳಿಗೆಯಲ್ಲಿ. ನೋಟೀಸನ್ನು ಓದಿ ಅವರು ಕನ್ನಡಕ ತೆಗೆದಿಟ್ಟರು.

"ಹೆದರ್ಬೇಡಿ ಅಂತ ನಾನು ಹೇಳುದಿಲ್ಲ. ಹೆದರಿ. ಹೆದರಿದವರು ಕಾಗದ ಸರಿ ಇಡ್ತಾರೆ."

"ಖರ್ಚು ಮಾಡಿದ್ದು ಸತ್ಯ ಅಲ್ವಾ ಸರ್?"

"ಸತ್ಯ ಯಾರಿಗೆ ಬೇಕು ಮಾರಾಯ್ತಿ, ಅವರಿಗೆ ಬೇಕಾದ್ದು ತಾರೀಕು. ಖರ್ಚು ಕೊಟ್ಟ ದಿನ ಮುಖ್ಯ ಅಲ್ಲ, ಅದು ಹುಟ್ಟಿದ ದಿನ ಮುಖ್ಯ. ಅಂಗಡಿ ನಡೀತಾ ಇರುವಾಗ ಹುಟ್ಟಿದ ಬಾಕಿಯನ್ನು ಮುಚ್ಚಿದ ಮೇಲೆ ಕೊಟ್ರೂ ಕಳೀಬಹುದು ಅಂತ ನಾವು ವಾದ ಮಾಡುವ. ಬಾಡಿಗೆಗೆ ಕರಾರು ಉಂಟು. ಫೋನಿಗೆ ಬಿಲ್ಲು ಉಂಟು. ಈ ಕಾಕನಿಗೆ ಐವತ್ತು ಸಾವಿರ ಕೊಡ್ತೇವೆ ಅಂತ ಧಣಿಗಳು ಯಾವಾಗ ಹೇಳಿದ್ದು? ಅಂಗಡಿ ಇರುವಾಗಲಾ, ಮುಚ್ಚಿದ ಮೇಲಾ?"

ನನಗೆ ಗೊತ್ತಿರಲಿಲ್ಲ.

"ಮುಚ್ಚಿದ ಮೇಲೆ ಹೇಳಿದ್ರೆ ಅದು ದಾನ. ದಾನ ವ್ಯಾಪಾರದ ಖರ್ಚಲ್ಲ. ರಸೀದಿಯೂ ಇಲ್ಲ ಅಂದ್ರೆ ಸುಳ್ಳು ಖರ್ಚು ಅಂತ್ಲೇ ಹೇಳಿಯಾರು. ಆಗ ದಂಡ, ಕೇಸು." ಇಷ್ಟು ಹೇಳಿ ಅವರು ಕೆಂಪು ಪುಸ್ತಕ ಬಿಡಿಸಿದರು. ಮೊದಲ ಸಾಲಿನ ಮೇಲೆ ಅವರ ಬೆರಳು ನಿಂತಿತು. "ಇದೆಂತ? ಅಂಗಡಿ ಮುಚ್ಚಿ ಮೂರು ತಿಂಗಳಾದ ಮೇಲೆ ವ್ಯಾಪಾರ ಜಮೆ?"

ಪೂಜೆಯ ಕಥೆ ಹೇಳಿದೆ.

"ಅಪ್ಪ ನೂರ ಒಂದು ಬರೆದು ನಿಮ್ಮ ಕುತ್ತಿಗೆಗೆ ತಂದಿಟ್ರು. ಇದನ್ನು ನೋಡಿದವ ಎಂತ ಹೇಳ್ತಾನೆ ಗೊತ್ತುಂಟಾ? ಅಂಗಡಿ ಮುಚ್ಚಲೇ ಇಲ್ಲ, ಗುಟ್ಟಾಗಿ ಮನೆಯಿಂದ ವ್ಯಾಪಾರ ನಡೀತಾ ಉಂಟು, ಉಳಿದ ಜಮೆ ಎಲ್ಲಿ ಅಂತ. ಈ ಹಾಳೆ ಇಲ್ಲದಿದ್ರೆ ಒಳ್ಳೇದಿತ್ತು." ಪುಸ್ತಕ ಮುಚ್ಚಿ ನನ್ನ ಕಡೆ ದೂಡಿದರು. "ನಾನು ಹರೀರಿ ಅಂತ ಹೇಳಲಿಲ್ಲ. ಹರೀಬೇಡಿ ಅಂತಲೂ ಹೇಳಲಿಲ್ಲ."

ಹರಿಯಲಿಲ್ಲ. ಯಾಕೆ ಹರಿಯಲಿಲ್ಲ ಎಂಬುದಕ್ಕೆ ನನ್ನ ಬಳಿ ಮೂರು ಉತ್ತರಗಳಿವೆ. ಪೂಜೆಯಾದ ಪುಸ್ತಕ, ಅಪ್ಪನ ಕೊನೆಯ ಕೈಬರಹ, ಮನಸ್ಸು ಬರಲಿಲ್ಲ ಎಂಬುದು ಕೇಳುವವರಿಗೆ ಹಿತವಾದ ಉತ್ತರ. ಹರಿಯಲು ಕೂತಾಗ ಮಂಚದಿಂದ ಅಪ್ಪ ನೋಡುತ್ತಿದ್ದರು ಎಂಬುದು ಎರಡನೆಯದು. ಅದು ಹೊಲಿದ ಪುಸ್ತಕ, ಒಂದು ಹಾಳೆ ಕಿತ್ತರೆ ಹೊಲಿಗೆಯ ಆ ಬದಿಯ ಜೋಡಿ ಹಾಳೆಯೂ ಕಳಚಿಬರುತ್ತದೆ, ಸಿಕ್ಕಿಬೀಳುತ್ತೇನೆ ಎಂಬುದು ಮೂರನೆಯದು. ಮೂರನೆಯದನ್ನು ನಾನು ಹೆಚ್ಚು ನಂಬುತ್ತೇನೆ, ಏಕೆಂದರೆ ಅದರಲ್ಲಿ ನಾನು ಒಳ್ಳೆಯವಳಲ್ಲ.

ಅಪ್ಪನನ್ನೂ ಕೇಳಿದೆ. ಕಿವಿಯ ಹತ್ತಿರ ಬಾಗಿ, ಕಾಕನಿಗೆ ಮಾತು ಕೊಟ್ಟದ್ದು ಅಂಗಡಿ ಇರುವಾಗಲೋ ಎಂದೆ. ಅವರು ಕಣ್ಣು ಮುಚ್ಚಿ ತೆರೆದರು. ಮುಚ್ಚಿದ ಮೇಲೋ ಎಂದೆ. ಆಗಲೂ ಕಣ್ಣು ಮುಚ್ಚಿ ತೆರೆದರು. ಮನುಷ್ಯರು ಸುಮ್ಮನೆಯೂ ಕಣ್ಣು ಮಿಟುಕಿಸುತ್ತಾರೆ.

ಕಾಕ ಆಗ ವಾಮದಪದವಿನ ಮನೆ ಬಿಟ್ಟು ಬೆಳ್ತಂಗಡಿಯಲ್ಲಿ ಮಗಳ ಮನೆಯಲ್ಲಿದ್ದರು. ಒಂದು ಭಾನುವಾರ ಹೋದೆ. ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತಿದ್ದರು, ಮಡಿಲಲ್ಲಿ ಮೊಮ್ಮಗಳು.

"ಓ, ಸಣ್ಣ ಧಣಿ! ಎಂತ, ಪುನಃ ಅಂಗಡಿ ತೆಗೀತೀರಾ? ನಾನು ಬರ್ಲಿಕ್ಕಿಲ್ಲ, ಈಗ ನನಗೆ ಇಲ್ಲಿ ದೊಡ್ಡ ಡ್ಯೂಟಿ," ಎಂದು ಮೊಮ್ಮಗಳ ಮೂಗು ಒರೆಸಿದರು.

ಮಗಳು ಚಹಾ, ಬಿಸ್ಕತ್ತು ತಂದಿಟ್ಟಳು. ವಿಷಯ ಹೇಳುವಾಗ ನನ್ನ ಲೋಟ ತಟ್ಟೆಯ ಮೇಲೆ ಸದ್ದು ಮಾಡುತ್ತಿತ್ತು. ಕಾಕ ಅದನ್ನು ನೋಡಿದರು.

"ಧಣಿ ಹೇಳಿದ್ದು ಉಂಟು. 'ಅಂಗಡಿ ನಿಲ್ಲಿಸುವ ದಿನ ನಿನ್ನನ್ನು ಬರಿಕೈಯಲ್ಲಿ ಕಳಿಸುದಿಲ್ಲ ಮಾರಾಯ' ಅಂತ."

"ಯಾವಾಗ ಕಾಕ?"

ಅವರು ಸ್ವಲ್ಪ ಯೋಚಿಸಿದರು. ಅಥವಾ ನನ್ನ ಮುಖ ನೋಡಿದರು. ಎರಡೂ ಒಂದೇ ರೀತಿ ಕಾಣುತ್ತವೆ.

"ಯಾವಾಗ ಅಂತ ಹೇಳ್ಬೇಕು ನಿಮಗೆ? ನೀವು ಹೇಳಿ, ನಾನು ಹಾಗೇ ಹೇಳ್ತೇನೆ."

ನನ್ನ ಹೆದರಿಕೆ ಇಳಿಯುತ್ತದೆ ಎಂದುಕೊಂಡೇ ಬಂದಿದ್ದೆ. ಆ ಮಾತು ಕೇಳಿ ಅದು ಇನ್ನಷ್ಟು ಏರಿತು. ಬೇಕಾದ ತಾರೀಕನ್ನು ಕೈಗೆ ಕೊಡಲು ಸಿದ್ಧರಿದ್ದ ಒಳ್ಳೆಯ ಮನುಷ್ಯನಿಂದ ನಿಜವಾದ ತಾರೀಕನ್ನು ಪಡೆಯುವ ದಾರಿ ಯಾವುದು?

"ನನಗೆ ಬೇಕಾದ್ದಲ್ಲ ಕಾಕ, ನಿಮಗೆ ನೆನಪಿರುವುದು."

"ನೆನಪು!" ಎಂದು ನಕ್ಕರು. "ಬೇರಿಂಗಿನ ನಂಬ್ರ ಕೇಳಿ, ಹೇಳ್ತೇನೆ. ಧಣಿ ನನಗೆ ಎಷ್ಟೋ ಸಲ ಎಂತೆಂತದೋ ಹೇಳಿದ್ದಾರೆ. ಬೈದದ್ದೂ ಉಂಟು. ಅದಕ್ಕೆಲ್ಲ ತಾರೀಕು ಹಾಕಿ ಇಡ್ಲಿಕ್ಕೆ ನಾನೆಂತ ಗುಮಾಸ್ತನಾ?"

ಹಣ ಸಿಕ್ಕಿದೆ ಎಂದು ಬರೆದ ಕಾಗದಕ್ಕೆ ರೆವೆನ್ಯೂ ಸ್ಟಾಂಪು ಅಂಟಿಸಿ, ಅದರ ಮೇಲೆ ಕನ್ನಡದಲ್ಲಿ ಒಂದೊಂದೇ ಅಕ್ಷರ ಕೂರಿಸಿ ಸಹಿ ಹಾಕಿಕೊಟ್ಟರು. ಮಾತು ಕೊಟ್ಟ ದಿನದ ಜಾಗವನ್ನು ಖಾಲಿ ಬಿಟ್ಟೆ. ಹೊರಡುವಾಗ ಅವರು ತಗ್ಗಿದ ದನಿಯಲ್ಲಿ ಒಂದು ಮಾತು ಕೇಳಿದರು: "ಆ ದುಡ್ಡು ಈ ಮನೆಯ ಮಾಡಿಗೆ ಹಂಚು ಹಾಕ್ಲಿಕ್ಕೆ ಹೋಗಿದೆ. ವಾಪಸ್ ಕೊಡ್ಬೇಕಾಗ್ತದಾ?" ಅವರೂ ಹೆದರಿದ್ದಾರೆ ಎಂದು ಆಗ ಗೊತ್ತಾಯಿತು. ಹಾಗಾದರೆ ಧಣಿ ಹೇಳಿದ್ದು ಉಂಟು ಎಂದದ್ದು ನೆನಪೋ, ಹೆದರಿಕೆಯೋ? ಬಸ್ಸು ಪುಂಜಾಲಕಟ್ಟೆ ದಾಟುವವರೆಗೂ ಇದನ್ನೇ ಯೋಚಿಸಿದೆ ಎಂದು ಬರೆಯಬೇಕೆನಿಸುತ್ತದೆ. ನಿಜವಾಗಿ ಆ ಬಸ್ಸಿನ ನೆನಪು ನನಗಿಲ್ಲ.

ಮಂಗಳೂರಿಗೆ ಹೋಗುವ ದಿನ ಸಂಘಕ್ಕೆ ಜ್ವರ ಎಂದು ರಜೆಯ ಅರ್ಜಿ ಕಳಿಸಿದೆ. ಸುಳ್ಳಲ್ಲ, ಮೈ ಬಿಸಿಯಾಗಿತ್ತು. ಪುಸ್ತಕವನ್ನು ಪೇಪರಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡಿದ್ದೆ. ಚೀಲವನ್ನು ಬಸ್ಸಿನ ಸೀಟಿನ ಕೆಳಗೆ ಮರೆತು ಇಳಿದುಬಿಟ್ಟರೆ ಹೇಗೆ ಎಂದು ಎರಡು ಸಲ ಯೋಚಿಸಿದೆ. ವಕೀಲರು ಪಕ್ಕದಲ್ಲಿ ತೂಕಡಿಸುತ್ತಿದ್ದರು.

ಅಧಿಕಾರಿ ನನಗಿಂತ ಚಿಕ್ಕವರು, ಮಾತು ಉತ್ತರ ಕರ್ನಾಟಕದ ಕನ್ನಡ. ಮೊದಲು ಬಾಡಿಗೆಯ ಕರಾರು ನೋಡಿದರು, ಫೋನಿನ ಬಿಲ್ಲು ನೋಡಿದರು. ಆಮೇಲೆ ಕೆಂಪು ಪುಸ್ತಕ. ಕುಂಕುಮ ಅವರ ಬೆರಳಿಗೆ ಹತ್ತಿತು.

"ಏನ್ರೀ ಇದು? ಅಂಗಡಿ ಬಂದ್ ಆಗೇತಿ ಅಂತೀರಿ, ಇಲ್ಲಿ ವ್ಯಾಪಾರ ಜಮೆ ಐತಲ್ಲ?"

ಮೊದಲ ಸಾಲು ಖರ್ಚಿನದಾಗಬಾರದು, ಅಪ್ಪನ ಜೇಬಿನ ಹಣ, ಪೂಜೆಗೆ ಬರೆದದ್ದು ಎಂದೆ. ಶಾಲೆಯ ಕನ್ನಡದಲ್ಲಿ, ಒಂದೊಂದೇ ಪದ ಹುಡುಕಿ.

"ನಮ್ಮ ಕಡೆನೂ ಹಂಗ ಬರೀತಾರ್ರೀ. ಆದ್ರ ನಮ್ಮ ಕಡೆ ಮುಚ್ಚಿದ ಅಂಗಡಿಗೆ ಯಾರೂ ಪೂಜೆ ಮಾಡಂಗಿಲ್ಲ."

ವಕೀಲರು ಏನೋ ಹೇಳಹೊರಟರು. ಅಧಿಕಾರಿ ಕೈ ಎತ್ತಿ ತಡೆದು ನನ್ನನ್ನೇ ಕೇಳಿದರು, ಕಾಕನಿಗೆ ಮಾತು ಕೊಟ್ಟದ್ದು ಯಾವಾಗ, ಕೊಟ್ಟದ್ದನ್ನು ನೀವು ಸ್ವತಃ ಕೇಳಿದ್ದೀರೇನು?

"ಕೇಳಿದ್ದೇನೆ," ಎಂದೆ.

ಒಂದು ಪದ. ಅದು ಬಾಯಿಯಿಂದ ಬಿದ್ದ ಕೂಡಲೇ ಉಳಿದದ್ದು ತಾನಾಗಿ ಬಂತು. ಅಂಗಡಿಗೆ ಗಾಜಿನ ಕಪಾಟು ಬಂದ ದಿನ ಎಂದೆ. ಕಾಕ ಅದರಲ್ಲಿ ಬೇರಿಂಗಿನ ಡಬ್ಬಿಗಳನ್ನು ಜೋಡಿಸುತ್ತಿದ್ದರು, ಅಪ್ಪ ಆಗ ಆರೋಗ್ಯವಾಗಿದ್ದರು, ಗಲ್ಲಾದಲ್ಲಿ ಕೂತು ವೀಳ್ಯ ಕಟ್ಟುತ್ತಾ ಹೇಳಿದರು, ನಾನು ಮಧ್ಯಾಹ್ನದ ಬುತ್ತಿ ತಂದಿದ್ದೆ, ಬಾಗಿಲಲ್ಲಿ ನಿಂತು ಕೇಳಿದೆ. ಹೇಳುತ್ತಿದ್ದಂತೆ ನನಗೆಲ್ಲ ಕಾಣುತ್ತಿತ್ತು. ಬುತ್ತಿಯ ಬಿಸಿ ಕೈಗೆ ತಾಗುತ್ತಿತ್ತು. ಅಷ್ಟು ಸ್ಪಷ್ಟವಾಗಿ ನನಗೆ ನನ್ನ ತಾಯಿಯ ಮುಖವೂ ಕಂಡದ್ದಿಲ್ಲ. ಪಕ್ಕದ ಮೇಜಿನವರು ಅದನ್ನು ಟೈಪು ಮಾಡಿದರು. ಓದಿ ಸಹಿ ಹಾಕಿ ಎಂದರು. ಹಾಕಿದೆ.

ಎಷ್ಟು ಸುಲಭವಾಗಿ ಬಂತು ಎಂಬುದೇ ಆಮೇಲೆ ನನ್ನನ್ನು ಹೆದರಿಸಿದ್ದು.

ಆದೇಶ ಬರಲು ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳೂ ನಾನು ಸಂಘದ ಕೌಂಟರಿನಲ್ಲಿ ನೋಟು ಎಣಿಸುವಾಗ ಬಾಗಿಲಿನ ಕಡೆ ನೋಡುತ್ತಿದ್ದೆ. ಖಾಕಿ ಬಟ್ಟೆಯವರು ಯಾರೇ ಒಳಗೆ ಬಂದರೂ ಎಣಿಕೆ ತಪ್ಪುತ್ತಿತ್ತು. ಬಂದವರು ಹೆಚ್ಚಾಗಿ ಬಸ್ಸಿನ ಕಂಡಕ್ಟರುಗಳು, ಉಳಿತಾಯ ಖಾತೆಗೆ ಕಟ್ಟಲು. ಖಾಯಂ ಮಾಡುವ ಫಾರ್ಮು ಡ್ರಾವರಿನಲ್ಲಿತ್ತು. "ಇನ್ನೂ ಯಾಕೆ ತುಂಬ್ಲಿಲ್ಲ, ಮದುವೆಯ ಫಾರ್ಮು ಅಂತ ಗ್ರಹಿಸಿದ್ರಾ?" ಎಂದು ಮ್ಯಾನೇಜರು ಚುಚ್ಚಿದರು.

ಕೊನೆಗೆ ಬಂದ ಆದೇಶದಲ್ಲಿ ಬಾಡಿಗೆಯ ಒಂದು ತಿಂಗಳನ್ನು ಮಾತ್ರ ಒಪ್ಪಿರಲಿಲ್ಲ. ಕಾಕನ ಹಣವನ್ನು ಒಪ್ಪಿದ್ದರು. ವ್ಯಾಪಾರ ನಡೆಯುತ್ತಿದ್ದ ಅವಧಿಯಲ್ಲೇ ಕೊಟ್ಟ ಮಾತು ಎಂದು ಮಗಳ ಹೇಳಿಕೆಯಿಂದ ಕಾಣುತ್ತದೆ ಎಂದು ಬರೆದಿದ್ದರು. ನೂರ ಒಂದರ ಸುದ್ದಿಯೇ ಇರಲಿಲ್ಲ. ವಕೀಲರು ಫೋನಿನಲ್ಲಿ, "ನೀವು ಕೋರ್ಟಿನಲ್ಲಿರ್ಬೇಕಿತ್ತು ಮಾರಾಯ್ತಿ!" ಎಂದು ನಕ್ಕರು. ಸ್ವಲ್ಪ ತೆರಿಗೆ ಕಟ್ಟಿದೆ. ಫಾರ್ಮು ತುಂಬಿದೆ. ಖಾಯಂ ಆಯಿತು. ಬೆಳ್ತಂಗಡಿಗೆ ಫೋನು ಮಾಡಿ, ಮನೆಯ ಮಾಡಿಗೆ ಹೋದ ದುಡ್ಡನ್ನು ಯಾರೂ ಕೇಳುವುದಿಲ್ಲ ಎಂದು ಕಾಕನಿಗೆ ಹೇಳಿದೆ.

ಅಪ್ಪ ತೀರಿಕೊಂಡ ಮೇಲೆ ಅಟ್ಟದ ಹಳೆಯ ಬಿಲ್ಲುಗಳ ಕಟ್ಟು ಇಳಿಸುತ್ತಿದ್ದಾಗ ಗಾಜಿನ ಕಪಾಟಿನ ಬಿಲ್ಲು ಸಿಕ್ಕಿತು. ಬಿಲ್ಲು ನನ್ನ ಹೆಸರಿನಲ್ಲಿತ್ತು. ಕಪಾಟು ಬಂದದ್ದು ಅಪ್ಪನಿಗೆ ಮೊದಲ ಹೊಡೆತ ಬಿದ್ದ ನಂತರ, ನಾನು ಗಲ್ಲಾದಲ್ಲಿ ಕೂತ ಮೇಲೆ. ಆರೋಗ್ಯವಾಗಿದ್ದ ಅಪ್ಪ ಆ ಕಪಾಟನ್ನು ನೋಡಿರಲು ಸಾಧ್ಯವೇ ಇರಲಿಲ್ಲ. ಬಿಲ್ಲನ್ನು ಕಟ್ಟಿನೊಳಗೆ ಪುನಃ ತೂರಿಸಿದೆ. ಆದೇಶವನ್ನು ಪುನಃ ತೆರೆಯಬಹುದು ಎಂದು ವಕೀಲರು ಯಾವಾಗಲೋ ಹೇಳಿದ್ದರು, ಎಷ್ಟು ವರ್ಷದವರೆಗೆ ಎಂದು ಕೇಳುವ ಧೈರ್ಯವಾಗಲಿಲ್ಲ. ಅಂಥ ನೋಟೀಸೇನೂ ಬರಲಿಲ್ಲ. ಕಾಕನೂ ಹೋದರು.

ಕಪಾಟು ತಪ್ಪಾದರೆ ಮಾತೂ ಸುಳ್ಳಾಗಬೇಕೆಂದಿಲ್ಲ ಎಂದು ನನಗೆ ನಾನೇ ವಾದಿಸಿದ್ದೇನೆ. ಬೇರೆ ಯಾವುದೋ ದಿನ, ಬೇರೆ ಕಪಾಟಿನ ಎದುರು, ಅಪ್ಪ ಹಾಗೆಯೇ ಹೇಳಿದ್ದಿರಬಹುದು, ನಾನು ಕೇಳಿದ್ದಿರಬಹುದು. ಇಲ್ಲವೇ ಅಂಗಡಿ ಹೋದ ಮೇಲೆ ಗಂಜಿಯ ಮುಂದೆ ಕೂತು, ಹಳೆಯ ಗೆಳೆಯನ ನೆನಪಾಗಿ, ಆಗಷ್ಟೇ ಮನಸ್ಸು ಮಾಡಿದ್ದಿರಬಹುದು. ನಾನು ಸಹಿ ಹಾಕಿದ ಹೇಳಿಕೆ ಸತ್ಯವೋ ಸುಳ್ಳೋ ನನಗೆ ಗೊತ್ತಿಲ್ಲ.